ಎರಡನೇ ಚರಣ ಯಾರದು?

2024ರ ಫೆಬ್ರುವರಿಯಲ್ಲಿ ಕನ್ನಡನಾಡಿನ ಮೊಬೈಲುಗಳೆಲ್ಲ ಒಂದೇ ಹಾಡನ್ನು ಹಿಡಿದು ಕೂತಿದ್ದವು. 1999ರಲ್ಲಿ ತೆರೆಕಂಡ ‘ಉಪೇಂದ್ರ’ ಚಿತ್ರದ ‘ಏನಿಲ್ಲ ಏನಿಲ್ಲ’. ಗುರುಕಿರಣ್ ಸಂಗೀತ, ಉಪೇಂದ್ರರದೇ ಸಾಹಿತ್ಯ, ಪ್ರತಿಮಾ ರಾವ್ ಕಂಠ. ಕಾಲು ಶತಮಾನ ಹಳೆಯ ಆ ಹಾಡು ‘ಕರಿಮಣಿ ಮಾಲೀಕ’ ಎಂಬ ಹೊಸ ಹೆಸರಿನಲ್ಲಿ ಎದ್ದು ಕೂತಿತ್ತು. ವಿಕ್ಕಿಪೀಡಿಯ ಎಂಬ ಹೆಸರಿನಲ್ಲಿ ಹಾಸ್ಯದ ವಿಡಿಯೊ ಮಾಡುವವರು ಅದಕ್ಕೆ ‘ಬೆಳ್ಳುಳ್ಳಿ ಕಬಾಬ್’ ಅಡುಗೆ ವಿಡಿಯೊದ ‘ರಾಹುಲ್ಲಾ’ ಎಂಬ ಕೂಗನ್ನು ಜೋಡಿಸಿ ಬಿಟ್ಟ ಮೇಲಂತೂ ಮೂಲ ಯಾವುದು, ಕಲಬೆರಕೆ ಯಾವುದು ಎನ್ನುವುದೇ ಮಸುಕಾಯಿತು. ಗಣಪತಿ ಬಿಡುವ ಟ್ರ್ಯಾಕ್ಟರು, ಕನಕಪುರದ ಕಡೆ ಓಡುವ ಖಾಸಗಿ ಬಸ್ಸು, ಮಾಗಡಿಯ ಕಲ್ಯಾಣ ಮಂಟಪ, ಎಲ್ಲೆಂದರಲ್ಲಿ ಅದೇ.

ಚಿತ್ರದೊಳಗೆ ಅದರ ಸಂದರ್ಭ ಏನೇ ಇರಲಿ, ಬಿಡಿಯಾಗಿ ಕೇಳಿದಾಗ ಅದು ಹೆಣ್ಣೊಬ್ಬಳು ಗಂಡಸಿನ ಮುಖಕ್ಕೆ ‘ನನ್ನ ಕೊರಳಿನ ಮೇಲೆ ನಿನಗೆ ಅಧಿಕಾರವಿಲ್ಲ’ ಎಂದು ಹೇಳುವ ಹಾಡು. ಆ ಚಿತ್ರದ ನಾಯಕನ ಹೆಸರೇ ‘ನಾನು’ ಎಂಬುದನ್ನು ನೆನೆದರೆ ಏಟು ಇನ್ನೂ ಚುರುಕಾಗುತ್ತದೆ. ಆದರೆ ರೀಲ್ಸ್‌ಗೆ ಬಂದಾಗ ಅದನ್ನು ಎತ್ತಿಕೊಂಡವರಲ್ಲಿ ದೊಡ್ಡ ಪಾಲು ಗಂಡು ಹೈಕಳು. ಹಳೇ ಗೆಳತಿಯ ಮದುವೆ ಫೋಟೊ, ಬೈಕಿನ ಮೇಲೆ ಒಂಟಿಯಾಗಿ ಕೂತ ಹುಡುಗ, ಹಿನ್ನೆಲೆಯಲ್ಲಿ ಈ ಹಾಡು. ಹೆಣ್ಣಿನ ನಿರಾಕರಣೆ ಗಂಡಿನ ಅಳಲಿಗೆ ಒಗ್ಗರಣೆಯಾಯಿತು. ಇದು ಹೇಗಾಯಿತು, ಇದಕ್ಕೆ ಮುಂಚೆ ನಮ್ಮ ಹೆಂಗಸರಿಗೆ ಹಾಡಿನಲ್ಲಿ ಟಾಂಗ್ ಕೊಡುವ ದಾರಿಗಳು ಎಲ್ಲೆಲ್ಲಿದ್ದವು, ರ‍್ಯಾಪು ಮತ್ತು ರೀಮಿಕ್ಸು ಆ ದಾರಿಗಳನ್ನು ತೆರೆದವೋ ಮುಚ್ಚಿದವೋ ಎಂಬುದು ಇಲ್ಲಿನ ವಿಚಾರ. ನೋಟವನ್ನು ಆದಷ್ಟೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಆಸುಪಾಸಿನಲ್ಲೇ ಇಟ್ಟುಕೊಂಡಿದ್ದೇನೆ. ಹೆಂಗಸರ ಮೂದಲಿಕೆಯ ಹಾಡು ಈ ಸೀಮೆಯಲ್ಲಿ ಹುಲುಸಾಗಿ ಬೆಳೆದಿತ್ತು ಎಂಬುದು ಒಂದು ಕಾರಣ. ಅಂಥ ಹಾಡುಗಳನ್ನು ಕೂಡಿಟ್ಟ ಜಾನಪದ ಲೋಕ ಇರುವುದೂ ಇಲ್ಲೇ ಎಂಬುದು ಇನ್ನೊಂದು.

ಮೊದಲು ಹೊರಗಿನ ಸುದ್ದಿಯನ್ನು ಸ್ವಲ್ಪದರಲ್ಲಿ ಮುಗಿಸೋಣ. ಅಮೆರಿಕದ ಗಾಯಕಿ ಮರಾಯಾ ಕೇರಿಗೆ 2016ರ ಜನವರಿಯಲ್ಲಿ ಆಸ್ಟ್ರೇಲಿಯದ ಸಿರಿವಂತ ಜೇಮ್ಸ್ ಪ್ಯಾಕರ್ ಜೊತೆ ನಿಶ್ಚಿತಾರ್ಥವಾಯಿತು. ಆ ವರ್ಷ ಮುಗಿಯುವುದರೊಳಗೆ ಸಂಬಂಧ ಮುರಿದುಬಿತ್ತು. 2017ರ ಫೆಬ್ರುವರಿಯಲ್ಲಿ ಆಕೆ ‘ಐ ಡೋಂಟ್’ ಎಂಬ ಹಾಡು ತಂದಳು. ಜೊತೆಗೆ ವೈಜಿ ಎಂಬ ರ‍್ಯಾಪರ್. ವಿಡಿಯೊದಲ್ಲಿ ಆಕೆ ಮದುವೆಯ ಗೌನನ್ನು ಬೆಂಕಿಗೆ ಹಾಕುತ್ತಾಳೆ. ಅದೇ ವರ್ಷ ಅದರ ರೀಮಿಕ್ಸ್ ಬಂತು. ಅದರಲ್ಲಿ ರೆಮಿ ಮಾ ಎಂಬ ರ‍್ಯಾಪ್ ಗಾಯಕಿಯೂ ಸೇರಿಕೊಂಡಳು. ಹಾಡಾಗಿ ಅದು ನನಗೆ ಅಷ್ಟಕ್ಕಷ್ಟೆ, ಗೌನು ಸುಡುವ ದೃಶ್ಯದ ಬಿಸಿ ರಾಗದಲ್ಲಿಲ್ಲ. ಆದರೆ ಅದರ ಕಟ್ಟಡ ನೋಡುವಂಥದ್ದು. ಮೊದಲ ರೂಪದಲ್ಲಿ ಹೆಣ್ಣಿನ ದೂರಿನ ಪಕ್ಕದಲ್ಲಿ ಗಂಡಿನ ಚರಣವೊಂದೇ ಇತ್ತು. ರೀಮಿಕ್ಸಿನಲ್ಲಿ ನೊಂದವಳ ಪರವಾಗಿ ಮತ್ತೊಬ್ಬ ಹೆಂಗಸು, ಅದೂ ಬಾಯಿ ಜೋರಿನವಳು, ಬಂದು ನಿಂತಳು.

ಕೊಲಂಬಿಯದ ಶಕೀರಾಳದು ಇನ್ನೂ ದೊಡ್ಡ ಗದ್ದಲ. 2022ರ ಜೂನಿನಲ್ಲಿ ಸ್ಪೇನಿನ ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆಯಿಂದ ದೂರವಾದಳು. 2023ರ ಜನವರಿಯಲ್ಲಿ ಅರ್ಜೆಂಟೀನದ ಬಿಸರಾಪ್ ಜೊತೆ ಮಾಡಿದ ಹಾಡಿನಲ್ಲಿ ತನ್ನನ್ನೂ ಪಿಕೆಯ ಹೊಸ ಹುಡುಗಿಯನ್ನೂ ದುಬಾರಿ ಕಾರಿಗೂ ಅಗ್ಗದ ಕಾರಿಗೂ, ದುಬಾರಿ ಗಡಿಯಾರಕ್ಕೂ ಅಗ್ಗದ ಗಡಿಯಾರಕ್ಕೂ ಹೋಲಿಸಿ ಅವರಿಬ್ಬರ ಜನ್ಮವನ್ನೂ ಜಾಲಾಡಿದಳು. ಪಿಕೆ ಮಹಾಶಯ ಕೆಲವೇ ದಿನಗಳಲ್ಲಿ ಅದೇ ಅಗ್ಗದ ಕಾರಿನಲ್ಲಿ ಬಂದಿಳಿದು ಕ್ಯಾಮೆರಾಗಳ ಮುಂದೆ ನಕ್ಕ. ಆ ವರ್ಷದ ಲ್ಯಾಟಿನ್ ಗ್ರ್ಯಾಮಿಯಲ್ಲಿ ವರ್ಷದ ಹಾಡು ಎಂಬ ಪ್ರಶಸ್ತಿ ಅದಕ್ಕೆ ಬಂತು. ಇವಕ್ಕೆಲ್ಲ ಅಜ್ಜಿಯಂಥದ್ದು 1984ರ ನ್ಯೂಯಾರ್ಕಿನದು. ಯುಟಿಎಫ್‌ಒ ಎಂಬ ಗಂಡಸರ ತಂಡ ತಮಗೆ ಸೊಪ್ಪು ಹಾಕದ ರಾಕ್ಸಾನ್ ಎಂಬ ಹುಡುಗಿಯ ಮೇಲೆ ರ‍್ಯಾಪ್ ಕಟ್ಟಿತು. ಹದಿನಾಲ್ಕರ ಹುಡುಗಿಯೊಬ್ಬಳು ‘ನಾನೇ ಆ ರಾಕ್ಸಾನ್’ ಎಂದು ಮೈಕ್ ಹಿಡಿದು ಅವರ ಮಾನ ಹರಾಜು ಹಾಕಿದಳು. ಅದರ ಬೆನ್ನಿಗೇ ಜವಾಬು ಹಾಡುಗಳ ಸಾಲೇ ಹೊರಟಿತು.

ಸವಾಲಿಗೆ ಜವಾಬು ಎಂದ ಕೂಡಲೇ ಉತ್ತರ ಕರ್ನಾಟಕದವರಿಗೆ ಹರದೇಶಿ–ನಾಗೇಶಿ ನೆನಪಾಗಬೇಕು. ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು ವಾದಿಸಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಎದುರು ಹಾಡುತ್ತಾರೆ. ಪುರಾಣ, ಒಗಟು, ಒಣ ಜಂಬ, ನೇರ ಬೈಗುಳ ಎಲ್ಲವೂ ಅದರೊಳಗೆ ಸಲೀಸು. ನಾಗೇಶಿ ಪಕ್ಷ ಹಿಡಿದ ಹೆಣ್ಣು ಮೇಳಗಳು ಜಾತ್ರೆಯ ಸಾವಿರಾರು ಜನರ ಮುಂದೆ ಗಂಡು ಮೇಳವನ್ನು ಬಾಯಿ ಮುಚ್ಚಿಸುವುದಿತ್ತು. ಆದರೆ ಅದು ಗಂಡುಜಾತಿ–ಹೆಣ್ಣುಜಾತಿಯ ಜಗಳ. ಒಬ್ಬಳು ಒಬ್ಬನ ಮೇಲೆ ಹೊರಿಸುವ ದೂರಲ್ಲ.

ನಮ್ಮ ಸೀಮೆಯದು ಬೇರೆ ಜಾತಿಯ ಹಾಡು, ಮತ್ತು ನನ್ನ ಲೆಕ್ಕದಲ್ಲಿ ರ‍್ಯಾಪಿಗೆ ಹೆಚ್ಚು ಹತ್ತಿರದ್ದು: ಬೀಗರ ಹಾಡು. ಮದುವೆಯ ಸೋಬಾನೆ ಪದಗಳಲ್ಲಿ ಇದು ತುಂಟ ಕವಲು. ಧಾರೆಯಾಗಿ, ಗಂಡಿನ ಕಡೆಯವರು ಚಪ್ಪರದಡಿ ಎಲೆಯ ಮುಂದೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಗುಂಪುಗೂಡಿ ಶುರುಮಾಡುತ್ತಿದ್ದರು. ಒಬ್ಬಳು ಸೊಲ್ಲೆತ್ತುವವಳು, ಉಳಿದವರು ಹಿಂದೆ ಹಿಡಿಯುವವರು. ಬೀಗನ ಹೊಟ್ಟೆ, ಅವನು ಮುದ್ದೆ ನುಂಗುವ ಪರಿ, ಬೀಗಿತಿಯ ಸೀರೆ ಪಕ್ಕದ ಮನೆಯವಳಿಂದ ಇಸಕೊಂಡು ಬಂದದ್ದು, ಮೂಗುಬೊಟ್ಟು ಗಿಲೀಟಿನದು, ಮದುವಣಿಗ ಕತ್ತಲಲ್ಲಿ ನಿಂತರೆ ಹಲ್ಲು ಮಾತ್ರ ಕಾಣುವುದು, ಅವನ ಅಕ್ಕನಿಗೆ ಬಾಯಿ ಊರಗಲ ಇರುವುದು, ಹೀಗೆ ಒಂದೊಂದನ್ನೂ ಹೆಸರಿಟ್ಟು ಎತ್ತಿ ಆಡುತ್ತಿದ್ದರು. ಗಂಡಿನ ಕಡೆಯ ಹೆಂಗಸರಿಗೆ ನಾಲಿಗೆ ಇದ್ದರೆ ಎಲೆ ಬಿಟ್ಟು ಏಳುವುದರೊಳಗೆ ಜವಾಬು ಬರುತ್ತಿತ್ತು. ಬಡಿಸಿದ ಸಾರು ನೀರು, ಪಾಯಸದಲ್ಲಿ ಬೆಲ್ಲ ಹುಡುಕಬೇಕು, ಹೆಣ್ಣಿನ ತಾಯಿ ಎಣಿಸಿ ಎಣಿಸಿ ಬಡಿಸುತ್ತಾಳೆ. ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ಸಿಟ್ಟಾದವನ ಮೇಲೆ ಇನ್ನೆರಡು ಪದ ಬೀಳುತ್ತಿದ್ದವು.

ಇದರ ಕಸುಬನ್ನು ಹತ್ತಿರದಿಂದ ನೋಡಿದರೆ ಬೆರಗಾಗುತ್ತದೆ. ಹಿಂದೆ ಹಿಡಿಯುವವರ ಪಲ್ಲವಿ ಬರೀ ಅಲಂಕಾರವಲ್ಲ. ಅವರು ಎಳೆದು ಹಾಡುವ ಹೊತ್ತಿನಲ್ಲಿ ಮುಂದಿನವಳು ಮುಂದಿನ ಸೊಲ್ಲನ್ನು ಮನಸ್ಸಿನಲ್ಲೇ ಹೊಸೆದುಕೊಳ್ಳುತ್ತಾಳೆ. ಆಕೆಯ ಬಳಿ ಸಿದ್ಧ ಅಚ್ಚುಗಳಿರುತ್ತವೆ: ಪ್ರಾಸ ಎಲ್ಲಿ ಬೀಳಬೇಕು, ಹೆಸರು ಎಲ್ಲಿ ಕೂರಬೇಕು ಎಂಬುದು ನಿಗದಿ. ಆ ತೆರಪಿಗೆ ಈ ಮದುವೆಯ ಬೀಗಿತಿಯ ಹೆಸರು, ಈ ಬೀಗರ ಊರು, ಇವತ್ತು ಬೆಳಿಗ್ಗೆ ನಡೆದ ಒಂದು ಎಡವಟ್ಟು ಬಂದು ಕೂರುತ್ತದೆ. ಇವತ್ತಿನ ರ‍್ಯಾಪರುಗಳು ನಿಂತ ನಿಲುವಿನಲ್ಲಿ ಕಟ್ಟುವ ಸಾಲುಗಳನ್ನು ಫ್ರೀಸ್ಟೈಲ್ ಎಂದು ಕರೆದು ಬೀಗುತ್ತಾರಲ್ಲ, ಮಾಗಡಿ ಕಡೆಯ ಅಜ್ಜಿಯರು ಅದನ್ನು ಎಲೆ ಅಡಿಕೆ ಜಗಿಯುತ್ತ ಮಾಡುತ್ತಿದ್ದರು. ಸುತ್ತಲಿನವರ ನಗುವೇ ಆಕೆಗೆ ಅಂಕ. ನಗು ಬರದ ಸೊಲ್ಲು ಮುಂದಿನ ಮದುವೆಗೆ ಹೋಗುತ್ತಿರಲಿಲ್ಲ.

ತಮಾಷೆಯ ಅಡಿಯಲ್ಲಿ ನಿಜವಾದ ಗಾಯಗಳೂ ಇರುತ್ತಿದ್ದವು ಎಂಬುದನ್ನು ಮರೆಯಬಾರದು. ಮಾತುಕತೆಯ ದಿನ ಒಡವೆಗಾಗಿ ಎಳೆದಾಡಿದ ಬೀಗನಿಗೆ ಗಂಡಸರು ಸುಮ್ಮನೆ ಕೈ ಮುಗಿದಿರುತ್ತಾರೆ. ಅದೇ ಸಂಗತಿಯನ್ನು ಹೆಂಗಸರು ಊಟದ ಹೊತ್ತಿನಲ್ಲಿ ಹಾಡಿ ತೀರಿಸಿಕೊಳ್ಳುತ್ತಾರೆ. ಹೆಣ್ಣು ಕೊಟ್ಟ ಕಡೆಯವರು ಬಗ್ಗಿ ನಿಲ್ಲಬೇಕಾದ ಇಡೀ ಮದುವೆಯಲ್ಲಿ ಅವರು ನೆಟ್ಟಗೆ ನಿಲ್ಲಲು ಸಿಕ್ಕ ಒಂದೇ ಜಾಗ ಅದು.

ಎಚ್.ಎಲ್. ನಾಗೇಗೌಡರು ಇಂಥ ಪದಗಳ ಬೆನ್ನು ಬಿದ್ದವರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು, ಐಎಎಸ್ ಅಧಿಕಾರಿಯಾಗಿದ್ದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. 1994ರಲ್ಲಿ ರಾಮನಗರದ ಬಳಿ ಹದಿನೈದು ಎಕರೆಯಲ್ಲಿ ಜಾನಪದ ಲೋಕ ತೆರೆದರು. ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂಬ ಅವರ ಸಂಗ್ರಹ ಹಾಡಿದವಳ ಹೆಸರನ್ನೇ ಪುಸ್ತಕದ ಹೆಸರಾಗಿ ಇಟ್ಟುಕೊಂಡಿದೆ. ಅದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಸಂಗ್ರಾಹಕನ ಹೆಸರು ದಪ್ಪಕ್ಷರದಲ್ಲಿ, ಹಾಡಿದವಳು ಎಲ್ಲೋ ಅಡಿಟಿಪ್ಪಣಿಯಲ್ಲಿ ಎಂಬುದೇ ರೂಢಿಯಾಗಿದ್ದ ದಿನಗಳವು. ಈಗ ಹತ್ತು ಪಥದ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ ಜಾನಪದ ಲೋಕ ಹಳೇ ರಸ್ತೆಯ ಪಾಲಾಗಿದೆ. ಮೈಸೂರಿಗೆ ಭರ್ರನೆ ಹೋಗುವವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ.

ಈ ಸೀಮೆಯ ಹಾಡುಗಳನ್ನು ಅಂಗಳದಿಂದ ವೇದಿಕೆಗೆ ಕೊಂಡೊಯ್ದವರಲ್ಲಿ ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು ಅವರ ಹೆಸರು ಮುಂಚೂಣಿಯಲ್ಲಿದೆ. ಒಬ್ಬರ ಊರು ಬಿಡದಿ ಕಡೆ, ಇನ್ನೊಬ್ಬರದು ಚನ್ನಪಟ್ಟಣದ ಮಗ್ಗುಲು. ಅವರಿಂದ ನಾಡಿಗೆ ಒಳ್ಳೆಯದೇ ಆಯಿತು. ಆದರೂ ವೇದಿಕೆ ಏರಿದಾಗ ಹೆಂಗಸರ ಪದಗಳಿಗೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಮೈಕು, ಕೀಬೋರ್ಡು, ತಬಲ ಬಂದವು, ಹಾಡು ಒಬ್ಬರದ್ದಾಯಿತು, ಎದುರಿಗೆ ಕೂತವರು ಪ್ರೇಕ್ಷಕರಾದರು. ಬೈಸಿಕೊಳ್ಳಬೇಕಾದ ಬೀಗಿತಿಯೇ ಅಲ್ಲಿಲ್ಲ. ರೀಮಿಕ್ಸಿನ ಕಥೆ ಡಿಜೆಯಿಂದ ಶುರುವಾಗಲಿಲ್ಲ, ರಸಮಂಜರಿಯಿಂದಲೇ ಶುರುವಾಗಿತ್ತು ಅನ್ನುವುದು ಈ ಕಾರಣಕ್ಕೆ.

ಮತ್ತೆ ಮೂಲ ಪ್ರಶ್ನೆಗೆ ಬರುತ್ತೇನೆ. ಬೀಗರ ಹಾಡು ಬೀಗನನ್ನು ಬೈದೀತು, ಬೀಗಿತಿಯನ್ನು ಬೈದೀತು. ಬಿಟ್ಟುಹೋದ ಗಂಡನನ್ನು ಬೈಯುವ ಹಾಡೆಲ್ಲಿ? ರಾಗಿ ಬೀಸುವ ಪದಗಳಲ್ಲಿ ಅತ್ತೆಯ ಕಾಟ ಬರುತ್ತದೆ, ತವರಿನ ಹಂಬಲ ಬರುತ್ತದೆ, ನಾದಿನಿಯ ಕೊಂಕು ಬರುತ್ತದೆ. ಗಂಡನ ಮಾತು ಬಂದಾಗ ದನಿ ತಗ್ಗುತ್ತದೆ. ಏಟು ಹೆಚ್ಚಾಗಿ ಬೀಳುವುದು ಸವತಿಯ ಮೇಲೆ. ಹಳೇ ಮೈಸೂರಿನ ಜನಪದರು ಬಾಯ್ತುಂಬ ಹಾಡುವ ನಂಜುಂಡ–ಚಾಮುಂಡಿಯರ ಕಥೆಯನ್ನೇ ನೋಡಿ. ಮನೆಯಲ್ಲಿ ದೇವೀರಿಯನ್ನು ಇಟ್ಟುಕೊಂಡು ಬೆಟ್ಟದ ಚಾಮುಂಡಿಯ ಹತ್ತಿರ ಓಡುವವನು ನಂಜುಂಡ. ಜಗಳವಾಡುವವರು, ಒಬ್ಬರಿಗೊಬ್ಬರು ಕುಲ ತೆಗೆದು ಬೈದುಕೊಳ್ಳುವವರು ಇಬ್ಬರು ಹೆಂಗಸರು. ನಡುವೆ ನಿಂತವನು ಹುಸಿನಗೆಯಲ್ಲೇ ಪಾರು. ಶಕೀರಾಳ ಹಾಡಿನಲ್ಲೂ ಆ ಹೊಸ ಹುಡುಗಿಯ ಪಾಲಿಗೆ ಬಿದ್ದದ್ದು ಕಡಿಮೆಯೇನಲ್ಲ. ಈ ರೋಗಕ್ಕೆ ಖಂಡಗಳ ಗಡಿ ಇಲ್ಲ.

ಸಿನಿಮಾ ಇದನ್ನು ಸರಿಪಡಿಸಲಿಲ್ಲ. ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ಗಂಡನಿಂದ ಮೋಸಹೋದ ಹೆಣ್ಣಿನ ಕಥೆಗಳಲ್ಲಿ ಕನ್ನಡಕ್ಕೆ ಮರೆಯಲಾಗದ್ದು. ಅದರ ಕಾವೇರಿ, ಕಲ್ಪನಾ ಅಭಿನಯಿಸಿದ ಪಾತ್ರ, ತನ್ನ ಸಿಟ್ಟನ್ನು ಮಾತಿನಲ್ಲಿ ಕಾರುತ್ತಾಳೆ, ಹಾಡಿನಲ್ಲಲ್ಲ. ಮತ್ತು ಆ ಸಿಟ್ಟಿಗೆ ಕಥೆ ಕೊಟ್ಟ ಪ್ರತಿಫಲ ಮತ್ತೆ ಹುಚ್ಚಾಸ್ಪತ್ರೆ. ನಾಯಕಿಯರಿಗೆ ವಿರಹದ ಹಾಡು ಬೇಕಾದಷ್ಟು ಸಿಕ್ಕವು. ಜಾಡಿಸುವ ಹಾಡು ಸಿಕ್ಕದ್ದು ಅಪರೂಪ, ಸಿಕ್ಕಿದರೂ ಅದು ಪ್ರೇಮ ಕುದುರುವ ಮೊದಲಿನ ಕೀಟಲೆ. ಕೊನೆಗೆ ಆಕೆ ಒಪ್ಪಿಯೇ ಒಪ್ಪುತ್ತಾಳೆ ಎಂದು ನೋಡುವವರಿಗೆಲ್ಲ ಗೊತ್ತು.

ಗಂಡಸರ ಕಡೆ ಮಾತ್ರ ಬೆಳೆ ಜೋರು. 2011ರ ನವೆಂಬರಿನಲ್ಲಿ ಧನುಷ್ ಹಾಡಿದ ‘ಕೊಲವೆರಿ ಡಿ’ ಬಂದಾಗ ತಮಿಳು ಬಾರದ ನಮ್ಮ ಹುಡುಗರೂ ಅದನ್ನು ಉರು ಹೊಡೆದಿದ್ದರು. ಆಮೇಲೆ ಗಾಂಧಿನಗರದಲ್ಲಿ ಬಾರಿನ ಟೇಬಲ್ಲು, ಕೈ ಕೊಟ್ಟ ಹುಡುಗಿ, ಭುಜ ತಟ್ಟುವ ಗೆಳೆಯರು ಎಂಬ ಮೂರು ಸಾಮಾನಿನಲ್ಲಿ ಎಷ್ಟು ಹಾಡು ಬಂದವೆಂದು ಲೆಕ್ಕ ಇಡುವವರಿಲ್ಲ. ಉತ್ತರ ಕರ್ನಾಟಕದ ಯೂಟ್ಯೂಬ್ ಜಾನಪದದಲ್ಲಿ ಮೋಸ ಮಾಡಿದ ಗೆಳತಿ ಎಂಬುದು ಒಂದು ವಿಭಾಗವೇ ಆಗಿಹೋಗಿದೆ. ಬಾಳು ಬೆಳಗುಂದಿ, ಮಾಳು ನಿಪನಾಳ ಅಂಥವರ ಹಾಡುಗಳು ಈಗ ಹುಬ್ಬಳ್ಳಿ ದಾಟಿ ನಮ್ಮ ಕಡೆಯ ಟ್ರ್ಯಾಕ್ಟರುಗಳಿಗೂ ಬಂದಿವೆ. ಅವುಗಳ ಲಯ ನನಗೆ ಇಷ್ಟ. ಮಾತು ಮಾತ್ರ ಹತ್ತರಲ್ಲಿ ಒಂಬತ್ತಕ್ಕೆ ಒಂದೇ: ನಾನು ಬಡವ, ಅವಳು ದುಡ್ಡಿನವನ ಹಿಂದೆ ಹೋದಳು. ಅವಳನ್ನು ಮನೆಯವರು ಎಳೆದುಕೊಂಡು ಹೋಗಿ ಮದುವೆ ಮಾಡಿರಬಹುದು ಎಂಬ ಅನುಮಾನ ಹಾಡುವವನಿಗೆ ಬರುವುದೇ ಇಲ್ಲ.

ಇನ್ನು ಕನ್ನಡ ರ‍್ಯಾಪ್. ಬೆಂಗಳೂರಿನ ಆಲ್ ಓಕೆ, ಹಾಸನ ಜಿಲ್ಲೆಯ ಚಂದನ್ ಶೆಟ್ಟಿ ಅಂಥವರು ಅದನ್ನು ತಂತಮ್ಮ ದಾರಿಯಲ್ಲಿ ಬೆಳೆಸಿದರು. ಜನಪ್ರಿಯತೆಯಲ್ಲಿ ಚಂದನ್ ಶೆಟ್ಟಿಯದು ಮೇಲುಗೈ. ‘3 ಪೆಗ್’ ಹಾಡು ಬೀಗರೂಟದ ಮರುದಿನದ ಪಾರ್ಟಿಗಳಿಗೆ ನಾಡಗೀತೆಯಾಯಿತು. 2020ರ ಏಪ್ರಿಲ್‌ನಲ್ಲಿ ‘ಪೊಗರು’ ಚಿತ್ರದ ‘ಖರಾಬು’ ಹಾಡು ಬಂದಾಗ ಅದನ್ನು ಕೋಟಿಗಟ್ಟಲೆ ಸಲ ನೋಡಿದರು. ನಾಯಕ ನಾಯಕಿಯನ್ನು ಹೆದರಿಸಿ ಎಳೆದಾಡುವುದನ್ನೇ ಕುಣಿತ ಮಾಡಿದ್ದಾರೆಂಬ ಟೀಕೆಯೂ ಅಷ್ಟೇ ಜೋರಾಗಿ ಬಂತು. ಟೀಕೆ ಸರಿಯಾಗಿಯೇ ಇತ್ತು. ಆ ಹಾಡಿನ ತಾಳ ಮೈ ಕುಣಿಸುತ್ತದೆ ಎಂಬುದೂ ಸುಳ್ಳಲ್ಲ, ತೊಡಕು ಇರುವುದೇ ಅಲ್ಲಿ.

ಇಷ್ಟೆಲ್ಲ ಇದ್ದರೂ ಕನ್ನಡದ ಅತಿ ಹೆಸರಾಂತ ರ‍್ಯಾಪರ್ ತಾನೇ ದಾಂಪತ್ಯ ಮುರಿದುಕೊಂಡಾಗ ಯಾವ ಟಾಂಗ್ ಹಾಡೂ ಹುಟ್ಟಲಿಲ್ಲ. 2020ರ ಫೆಬ್ರುವರಿಯಲ್ಲಿ ಮೈಸೂರಿನಲ್ಲಿ ಮದುವೆಯಾದ ಚಂದನ್ ಶೆಟ್ಟಿ ಮತ್ತು ನಿವೇದಿತಾ ಗೌಡ 2024ರ ಜೂನಿನಲ್ಲಿ ಪರಸ್ಪರ ಒಪ್ಪಿ ವಿಚ್ಛೇದನ ಪಡೆದರು. ಆಮೇಲೆ ಪಕ್ಕಪಕ್ಕದಲ್ಲೇ ಕೂತು ಸುದ್ದಿಗೋಷ್ಠಿ ನಡೆಸಿದರು. ಗುಸುಗುಸುಗಳನ್ನು ಅಲ್ಲಗಳೆದರು, ಒಬ್ಬರ ಮೇಲೊಬ್ಬರು ಕೆಸರು ಎರಚಲಿಲ್ಲ. ಮಾಧ್ಯಮದವರಿಗೆ ಇದರಿಂದ ನಿರಾಸೆಯಾದಂತೆ ಕಂಡಿತು. ಮರಾಯಾ ಕೇರಿ ಗೌನು ಸುಟ್ಟಳು, ನಮ್ಮವರು ಟೇಬಲ್ಲಿನ ಮೇಲೆ ಮೈಕುಗಳನ್ನಿಟ್ಟುಕೊಂಡು ಸೌಜನ್ಯದಿಂದ ಮಾತಾಡಿ ಎದ್ದುಹೋದರು. ಎಲ್ಲ ಒಡಕಿಗೂ ಹಾಡು ಬೇಕೆಂದೇನಿಲ್ಲ. ಆದರೆ ಅವರು ಬೈದಾಡದೆ ಬಿಟ್ಟ ಜಾಗವನ್ನು ಜಾಲತಾಣದ ಜನ ತುಂಬಿದರು, ಮತ್ತು ಅಲ್ಲಿ ಬೈಗುಳದ ದೊಡ್ಡ ಪಾಲು ಹುಡುಗಿಯ ಹೆಸರಿಗೇ ಹೋಯಿತು.

ಈ ಹಿನ್ನೆಲೆಯಲ್ಲಿ ‘ಕರಿಮಣಿ ಮಾಲೀಕ’ದ ಮರುಹುಟ್ಟನ್ನು ಇಟ್ಟು ನೋಡಬೇಕು. ಪ್ರತಿಮಾ ರಾವ್ ಅವರ ದನಿಯಲ್ಲಿ ಅಳುವಿಲ್ಲ, ವಿರಹವಿಲ್ಲ. ತುಸು ಆಲಸ್ಯ, ತುಸು ಕೊಂಕು, ಬಾಗಿಲು ಮುಚ್ಚುವವಳ ನೆಮ್ಮದಿ ಇದೆ. ಮುಕ್ಕಾಲು ನಿಮಿಷದ ರೀಲ್ಸಿಗೆ ಕತ್ತರಿಸಿದಾಗ ಉಳಿದದ್ದು ಒಂದೇ ಸಾಲು. ಯಾರು ಬೇಕಾದರೂ ತುಟಿ ಆಡಿಸಬಹುದಾದ ಸಾಲು. ಹುಡುಗಿಯರೂ ಆಡಿಸಿದರು, ಅದರಲ್ಲಿ ಕೆಲವರ ಮುಖದಲ್ಲಿ ಕಂಡ ಗತ್ತು ಬೀಗರ ಹಾಡಿನ ಸೊಲ್ಲೆತ್ತುವವಳದೇ. ಆದರೆ ಹುಡುಗರ ಕೈಗೆ ಹೋದಾಗ ಅದೇ ಹೆಣ್ಣುದನಿ ‘ನೋಡಿ, ನನ್ನನ್ನು ಬಿಟ್ಟವಳು ಹೇಗೆ ಮಾತಾಡುತ್ತಾಳೆ’ ಎಂದು ತೋರಿಸುವ ಸಾಕ್ಷಿಯಾಯಿತು. ದನಿ ಅವಳದೇ, ಮುಖ ಅವನದು. ‘ರಾಹುಲ್ಲಾ’ ಸೇರಿದ ಮೇಲೆ ಅದು ಶುದ್ಧ ನಗೆಚಾಟಿಕೆ. ಯಾರ ಮೇಲಿನ ಸಿಟ್ಟೂ ಅಲ್ಲ, ಯಾರ ನೋವೂ ಅಲ್ಲ. ತಮಾಷೆಯಾಗಿ ಅದು ಚೆನ್ನಾಗಿಯೇ ಇದೆ, ನಾನೂ ನಕ್ಕಿದ್ದೇನೆ. ಹೆಣ್ಣುದನಿಯ ವಾಕ್ಯವೊಂದು ಮೂರು ಕೈ ದಾಟುವುದರೊಳಗೆ ಹೇಗೆ ಹಲ್ಲು ಕಳೆದುಕೊಂಡಿತು ಎಂಬುದಷ್ಟೇ ನಾನು ಹೇಳುತ್ತಿರುವುದು.

ಮಾಗಡಿ ಕಡೆಯ ಒಂದು ಬೀಗರೂಟದಲ್ಲಿ ಈ ಎರಡೂ ಲೋಕಗಳು ಎದುರಾಬದುರಾದುದನ್ನು ನೋಡಿದ್ದೆ. ಡಿಜೆಯವನು ಇದೇ ಹಾಡಿಗೆ ಬೀಟು ಕೂಡಿಸಿ ಹಾಕಿದ್ದ. ಹುಡುಗರು ಶಾಮಿಯಾನದ ಒಂದು ಮೂಲೆಯಲ್ಲಿ ಕುಣಿಯುತ್ತಿದ್ದರು. ಎಲೆ ಅಡಿಕೆ ತಟ್ಟೆಯ ಹತ್ತಿರ ಕೂತಿದ್ದ ಇಬ್ಬರು ಮುದುಕಿಯರಲ್ಲಿ ಒಬ್ಬಾಕೆ ಬೀಗಿತಿಯ ಹೊಸ ನೆಕ್ಲೇಸಿನ ಮೇಲೆ ಮೆಲ್ಲಗೆ ಒಂದು ಸೊಲ್ಲು ಬಿಟ್ಟರು. ಪಕ್ಕದಾಕೆ ಕೂಡಲೇ ಹಿಡಿದರು. ಅವರ ಅಳತೆಯೊಳಗಿದ್ದ ನಾಲ್ಕೈದು ಜನಕ್ಕೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಬೀಗಿತಿಗೆ ಮಾತ್ರ ಕೇಳಿಸಲೇ ಇಲ್ಲ. ಸ್ಪೀಕರು ಅವಳ ಕಿವಿಯ ಪಕ್ಕದಲ್ಲೇ ಇತ್ತು. ಬೈಸಿಕೊಳ್ಳಬೇಕಾದವರಿಗೆ ಕೇಳದ ಬೈಗುಳಕ್ಕೆ ಅರ್ಧ ಬೆಲೆ.

ಹಾಗೆಂದು ಈ ಸೀಮೆಯಲ್ಲಿ ಟಾಂಗ್ ರೀಮಿಕ್ಸು ಬೆಳೆಯಲಿಲ್ಲ ಎನ್ನುವಂತಿಲ್ಲ. ಅದು ರಾಜಕೀಯದಲ್ಲಿ ಬೆಳೆಯಿತು. 2016ರ ‘ಜಾಗ್ವಾರ್’ ಚಿತ್ರದ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ವೇದಿಕೆಯಿಂದ ಮಗನನ್ನು ಕರೆದ ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಮಾತು 2019ರ ಮಂಡ್ಯ ಲೋಕಸಭಾ ಚುನಾವಣೆಯ ಹೊತ್ತಿಗೆ ಬೀಟಿನ ಮೇಲೆ ಕೂತು ಊರೂರು ತಿರುಗಿತು. 2023ರಲ್ಲಿ ರಾಮನಗರ ವಿಧಾನಸಭಾ ಕ್ಷೇತ್ರದಲ್ಲೂ 2024ರ ನವೆಂಬರಿನಲ್ಲಿ ಚನ್ನಪಟ್ಟಣದ ಉಪಚುನಾವಣೆಯಲ್ಲೂ ನಿಖಿಲ್ ಸೋತಾಗ ಅದೇ ಮಾತು ಮತ್ತೆ ಎದ್ದಿತು. ತಂದೆಯ ಅಕ್ಕರೆಯ ಕರೆ ಎದುರಾಳಿಗಳ ಚುಚ್ಚುಮಾತಾದದ್ದು ಹೀಗೆ. ‘ಕರಿಮಣಿ ಮಾಲೀಕ’ಕ್ಕೆ ಆದದ್ದರ ತಿರುಗುಮುರುಗು ಇದು: ಅಲ್ಲಿ ಚುಚ್ಚುಮಾತು ತಮಾಷೆಯಾಯಿತು, ಇಲ್ಲಿ ಅಕ್ಕರೆ ಚುಚ್ಚುಮಾತಾಯಿತು. ಎರಡೂ ಕಡೆ ಮಾತಿನ ಮೊದಲ ಒಡೆಯರಿಗೆ ಮುಂದೇನೂ ಹೇಳುವ ಅವಕಾಶವಿರಲಿಲ್ಲ.

ಒಡೆತನದ ಮಾತಿಗೆ ಕಾನೂನು ಏನನ್ನುತ್ತದೆ? ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ 31ಸಿ ಕಲಮಿನ ಪ್ರಕಾರ ಒಂದು ಹಾಡಿನ ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ ನೋಟಿಸು ಕೊಟ್ಟು, ರಾಯಧನ ಕಟ್ಟಿ ಅದರ ಕವರ್ ಮಾಡಬಹುದು. ತಾಂತ್ರಿಕವಾಗಿ ಬೇಕಾದಷ್ಟನ್ನು ಬಿಟ್ಟು ಕೃತಿಯಲ್ಲಿ ಬದಲಾವಣೆ ಮಾಡುವಂತಿಲ್ಲ. ಹೊಸ ರ‍್ಯಾಪ್ ಚರಣ ಸೇರಿಸಬೇಕೆಂದರೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. ಹಕ್ಕುದಾರರು ಯಾರೆಂದರೆ ಸಾಮಾನ್ಯವಾಗಿ ಆಡಿಯೊ ಕಂಪನಿಗಳು. ಬೀಗರ ಹಾಡಿಗೆ ಈ ತಲೆನೋವಿಲ್ಲ, ಅದಕ್ಕೆ ಒಡೆಯರೇ ಇಲ್ಲ. ಹಾಗಾಗಿ ಅದನ್ನು ಯಾರು ಬೇಕಾದರೂ ಎತ್ತಿ ಸಿನಿಮಾಕ್ಕೆ ಹಾಕಬಹುದು, ಸೋಬಾನೆಯಜ್ಜಿಗೆ ಬಿಡಿಗಾಸೂ ಕೊಡದೆ. ಅಜ್ಜಿಗೂ ಅದೇ ಸ್ವಾತಂತ್ರ್ಯ ಇದೆ ಎಂಬುದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ.

ಹೆಂಗಸರು ಮೈಕು ಹಿಡಿದ ಉದಾಹರಣೆಗಳೂ ಇಲ್ಲದಿಲ್ಲ. ದುನಿಯಾ ವಿಜಯ್ ಅವರ ‘ಸಲಗ’ (2021) ಚಿತ್ರಕ್ಕೆ ಚರಣ್ ರಾಜ್ ಮಾಡಿದ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿನಲ್ಲಿ ಸಿದ್ದಿ ಸಮುದಾಯದ ಗಾಯಕಿಯರ ದನಿ ಇದೆ. ಆ ಹಾಡಿಗೆ ಜೀವ ಬಂದದ್ದೇ ಅವರ ಗಂಟಲಿನಿಂದ. ಅಂಕೋಲಾದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, 2017ರ ಪದ್ಮಶ್ರೀ, ಹೆಂಡದ ವಿರುದ್ಧ ಊರ ಹೆಂಗಸರನ್ನು ಕಟ್ಟಿ ನಿಂತವರು. ಕುಡುಕ ಗಂಡಂದಿರ ವಿರುದ್ಧ ನಿಂತ ಆ ದಿಟ್ಟತನವೂ ಈ ಕಥೆಯ ಭಾಗವೇ. ಬೆಂಗಳೂರಿನಲ್ಲಿ ಸಿರಿಯಂಥ ಹೆಣ್ಣು ರ‍್ಯಾಪರುಗಳಿದ್ದಾರೆ. ಆದರೆ ಹೆಣ್ಣೊಬ್ಬಳ ಟಾಂಗ್ ಹಾಡು, ಅದರ ರೀಮಿಕ್ಸಿನಲ್ಲಿ ಮತ್ತೊಬ್ಬ ಹೆಣ್ಣಿನ ಚರಣ, ಎರಡೂ ಕನ್ನಡದಲ್ಲಿ, ಎರಡೂ ಮದುವೆ ಮನೆಯ ಸ್ಪೀಕರಿಗೆ ಬರುವಷ್ಟು ಜನಪ್ರಿಯ? ಅಂಥದ್ದನ್ನು ನಾನಂತೂ ಕೇಳಿಲ್ಲ.

ಇಂಥ ಹಾಡು ಯಾಕೆ ಬೇಕು, ಮನೆಯ ಜಗಳ ಬೀದಿಗೆ ಯಾಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಒಂದಂಶ ಒಪ್ಪುವಂಥದ್ದು. ಹೆಸರು ಹೇಳಿ ಬೈದ ಹಾಡು ಜಾಲತಾಣಕ್ಕೆ ಹೋದರೆ ಅಳಿಸಲಾಗದು. ಮಕ್ಕಳಿದ್ದರೆ ನಾಳೆ ಅವರೂ ಕೇಳಬೇಕು. ಬೀಗರ ಹಾಡಿಗೆ ಆ ಅಪಾಯವಿರಲಿಲ್ಲ, ಎಲೆ ಎತ್ತುವ ಹೊತ್ತಿಗೆ ಅದು ಮುಗಿದಿರುತ್ತಿತ್ತು, ಎದುರಿನವರಿಗೆ ಜವಾಬು ಕೊಡುವ ಸರದಿಯೂ ಇರುತ್ತಿತ್ತು. ಹೊಸ ಕಾಲದ ಟಾಂಗ್ ಹಾಡಿನಲ್ಲಿ ನನಗೆ ಕಾಣುವ ಕೊರತೆ ಅದು ಒರಟು ಎಂಬುದಲ್ಲ, ಸರದಿ ಇಲ್ಲ ಎಂಬುದು. ದುಡ್ಡಿದ್ದವರು, ಸ್ಟುಡಿಯೊ ಇದ್ದವರು, ಹಿಂಬಾಲಕರು ಹೆಚ್ಚಿದ್ದವರು ಮಾತ್ರ ಜವಾಬು ಕೊಡಬಲ್ಲರು.

ಈ ನಾಲ್ಕು ತಾಲ್ಲೂಕಿನ ಕಾಲೇಜುಗಳಲ್ಲಿ ಯುವಜನೋತ್ಸವ ಬಂದರೆ ಜನಪದ ಗೀತೆಯ ಸ್ಪರ್ಧೆ ಇದ್ದೇ ಇರುತ್ತದೆ. ಹುಡುಗಿಯರು ಒಂದೇ ಬಣ್ಣದ ಇಳಕಲ್ ಸೀರೆ ಉಟ್ಟು, ನಮ್ಮ ಕಡೆಯ ಅಜ್ಜಿಯರು ಯಾರೂ ಉಡದ ಸೀರೆ, ಪುಸ್ತಕದಿಂದ ಕಲಿತ ಸೋಬಾನೆ ಪದವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ. ಮೂಲ ಧಾಟಿ ಕೆಡದಿದ್ದರೆ ತೀರ್ಪುಗಾರರು ಮೆಚ್ಚುತ್ತಾರೆ. ಅಲ್ಲೊಬ್ಬಳು ಹೆಸರಿನ ತೆರಪಿಗೆ ಇವತ್ತಿನ ಸಂಗತಿಯನ್ನು ಕೂರಿಸಿದರೆ ಅಂಕ ಕಳೆಯುತ್ತಾರೆಯೇ ಹೊರತು ಕೊಡುವುದಿಲ್ಲ. ಆ ಪದಗಳ ಮೂಲ ಕಸುಬೇ ಅದಾಗಿತ್ತು ಎಂಬುದು ತೀರ್ಪುಗಾರರಿಗೂ ಮರೆತುಹೋಗಿದೆ. ಆ ಕಸುಬನ್ನೂ ಸರದಿಯನ್ನೂ ಮರಳಿ ತರಲು ಜಾನಪದ ಲೋಕದವರು ವರ್ಷಕ್ಕೊಮ್ಮೆ ಸೊಲ್ಲು ಕಟ್ಟುವ ಪಂದ್ಯ ಇಡಬಹುದು: ಎರಡು ಗುಂಪು, ಎದುರಾಬದುರಾ, ಬರೆದುಕೊಂಡು ಬಂದ ಹಾಡು ನಡೆಯುವುದಿಲ್ಲ, ಜವಾಬು ಅಲ್ಲೇ ಆಗಬೇಕು. ಒಂದು ಕಡೆ ಸೋಬಾನೆ ಗೊತ್ತಿರುವ ಅಜ್ಜಿಯರು, ಇನ್ನೊಂದು ಕಡೆ ಮೊಬೈಲಿನಲ್ಲಿ ಬೀಟು ಹಾಕಿಕೊಂಡು ಬಂದ ಹುಡುಗಿಯರು. ತೀರ್ಪನ್ನು ನಗುವವರಿಗೇ ಬಿಟ್ಟರೆ ಸಾಕು.